ತಪ್ಪಿನ ಕಾಯಿ

ಬೆಳಿಗ್ಗೆ ಬಚ್ಚಲೊಲೆಗೆ ತೆಂಗಿನ ಒಣ ಮಡಲು ತುರುಕುತ್ತ ಮಂಜ ಗೌಡ ತಾನು ಹೇಳಬೇಕಾದ ಮಾತನ್ನು ಮತ್ತೊಮ್ಮೆ ಮೊದಲಿನಿಂದ ಹೇಳಿಕೊಂಡ. ಮುಖ ತೊಳೆಯುವಾಗಲೂ ಹೇಳಿಕೊಂಡ. ಸೊಸೆ ಕಲ್ಪನಾ ಚಹಾದ ಲೋಟ ಮುಂದಿಟ್ಟು, “ಎಂತದು ಮಾವ, ಒಬ್ರೇ ಮಾತಾಡ್ತ್ರಿ?” ಎಂದು ನಕ್ಕಾಗ ಬಾಯಿ ಮುಚ್ಚಿದ. ಒಟ್ಟು ಮೂರೇ ಮಾತು. ಲಕ್ಕಿ ಮಾಡಿದ್ದು ಇದು. ಅದಕ್ಕೆ ನಾನು ಹಾಕಿದ ಶಿಕ್ಷೆ ಇದು. ಆ ಶಿಕ್ಷೆ ತಪ್ಪಾಯಿತು, ಇವತ್ತಿನಿಂದ ಅವಳು ಒಳಗೆ. ಮೂರು ಮಾತಿಗೆ ಮೂವತ್ತೊಂದು ವರ್ಷ ಬೇಕಾಯಿತೇ ಎಂದು ಕೇಳುವವರು ಕೊಪ್ಪದಲ್ಲಿ ಈಗ ಯಾರೂ ಇರಲಿಲ್ಲ. ಅವನಿಗೆ ಹೆದರಿಕೆಯಾಗುತ್ತಿದ್ದುದೂ ಅದಕ್ಕೇ. ಕೇಳುವವರಿದ್ದರೆ ಬಯ್ಯುತ್ತಿದ್ದರು, ಬಯ್ಸಿಕೊಂಡಾದರೂ ಮುಗಿಯುತ್ತಿತ್ತು. ಮಿರ್ಜಾನದ ಈಚೆ ಹೆದ್ದಾರಿಗೆ ತಾಗಿಕೊಂಡ ನಲವತ್ತು ಮನೆಗಳ ಈ ಕೊಪ್ಪಕ್ಕೆ ಅವನು ಬುಧವಂತ. ಹಿಂದೆ ಜಾತಿಯ ಕೂಟ ಸೇರಿದಾಗ ಊರಗೌಡ ಕಟ್ಟೆಯ ಮೇಲೆ ಕೂತಿರುತ್ತಿದ್ದ, ಕೋಲಕಾರ ಮನೆಮನೆಗೆ ಹೋಗಿ ಜನರನ್ನು ಕರೆದು ತರುತ್ತಿದ್ದ, ತಪ್ಪು ಯಾವುದು, ಶಿಕ್ಷೆ ಯಾವುದು ಎಂದು ಬಾಯಿಬಿಟ್ಟು ಹೇಳುವುದು ಮಾತ್ರ ಬುಧವಂತನ ಕೆಲಸ. ಊರಗೌಡ ಸತ್ತು ಹದಿನೆಂಟು ವರ್ಷವಾಯಿತು, ಕೋಲಕಾರ ಸತ್ತು ಹನ್ನೆರಡು. ಆ ಜಾಗಗಳಿಗೆ ಯಾರೂ ಬರಲಿಲ್ಲ, ಬರಬೇಕು ಎಂದು ಯಾರಿಗೂ ಅನ್ನಿಸಲಿಲ್ಲ. ಮಂಜ ಗೌಡನೊಬ್ಬ ಅರವತ್ತೈದರ ವಯಸ್ಸಿನಲ್ಲಿ ಅಪ್ಪನ ಬೆತ್ತ ಹಿಡಿದುಕೊಂಡು ಉಳಿದಿದ್ದ.

ಏಳೂವರೆಗೆ ಗೇರುಬೀಜದ ಫ್ಯಾಕ್ಟರಿಯ ವ್ಯಾನು ಬರುತ್ತದೆ. ಅದಕ್ಕೆ ಮೊದಲು ಕಲ್ಪನಾ ಎಂಟು ತಿಂಗಳ ಧನ್ಯಶ್ರೀಯನ್ನು ಸೊಂಟಕ್ಕೇರಿಸಿ, ಮಗುವಿನ ಮಣ್ಣಿಯ ಡಬ್ಬಿ, ಚಮಚೆ, ಎರಡು ಹಳೆ ಸೀರೆಯ ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡು ಎರಡು ಮನೆಗಳ ನಡುವಿನ ಚಿರೆಕಲ್ಲಿನ ಗೋಡೆ, ಪಾಗಾರದ ಹತ್ತಿರ ಹೋದಳು. ಪಾಗಾರದ ಆಚೆ ಲಕ್ಕಿ ಆಗಲೇ ಬಂದು ನಿಂತಿದ್ದಳು. ಐವತ್ತೇಳರ ಹೆಂಗಸು, ಕೊರಳು ತುಂಬ ಮಣಿಸರ, ಮುಂಗೈಯಲ್ಲಿ ಸವೆದ ಕಡಗ. ಅವಳು ಕೈ ಚಾಚುವ ಮೊದಲೇ ಧನ್ಯಶ್ರೀ ಕಾಲು ಬಡಿದು ಅತ್ತ ಹಾರಿತು. ಕಂಬದ ಮರೆಯಲ್ಲಿ ನಿಂತು ಮಂಜ ಗೌಡ ಇದನ್ನು ದಿನಾ ನೋಡುತ್ತಾನೆ. ಅವನ ದಿನದಲ್ಲಿ ಸುಖ ಎನ್ನುವುದೊಂದಿದ್ದರೆ ಅದು ಇಷ್ಟೇ ಹೊತ್ತು. ಕಲ್ಪನಾ ಕಾಗಾಲದ ಕಡೆಯವಳು, ಮದುವೆಯಾಗಿ ಬಂದು ಎರಡು ವರ್ಷ. ಅವಳಿಗೆ ಏನೂ ಗೊತ್ತಿಲ್ಲ. ಎರಡು ತಿಂಗಳ ಹಿಂದೆ ಕೆಲಸಕ್ಕೆ ವಾಪಸು ಹೋಗಬೇಕಾದಾಗ ಅತ್ತೆಯಿಲ್ಲದ ಮನೆಯಲ್ಲಿ ಮಗುವನ್ನು ಯಾರ ಹತ್ತಿರ ಬಿಡುವುದು ಎಂದು ಒದ್ದಾಡಿ, ಪಾಗಾರದ ಆಚೆಯವಳನ್ನೇ ಕೇಳಿದ್ದಳು. ಲಕ್ಕಿ ಒಂದೇ ಮಾತು ಹೇಳಿದಳಂತೆ: “ನಿನ್ನ ಮಾವನ ಕೇಳ್ಕಂಡು ಬಾ.” ಕಲ್ಪನಾ ಬಂದು ಕೇಳಿದಾಗ ಮಂಜ ಗೌಡ ಅವಳ ಮುಖ ನೋಡದೆ, “ಇರ್ಲಿ,” ಎಂದ. ಆ ರಾತ್ರಿ ಎಷ್ಟೋ ವರ್ಷಗಳ ಮೇಲೆ ಚೆನ್ನಾಗಿ ನಿದ್ದೆ ಬಂದಿತ್ತು. ಆ ಒಂದು ಮಾತಿನಲ್ಲೇ ಎಲ್ಲ ಮುಗಿಯಿತು, ಯಾರಿಗೂ ಗೊತ್ತಾಗದ ಹಾಗೆ, ಮೈಗೆ ಗಾಳಿ ಸೋಕದ ಹಾಗೆ ಮುಗಿದೇಹೋಯಿತು ಎಂದು ಅವನು ನಂಬಿದ. ಹೇಡಿಗಳಿಗೆ ಸಮಾಧಾನ ಬಹಳ ಬೇಗ ಸಿಗುತ್ತದೆ.

ಕೊಪ್ಪದ ಹೊಸ ತಲೆಗಳ ಪ್ರಕಾರ ಲಕ್ಕತ್ತೆಗೆ ಸ್ವಲ್ಪ ತಲೆತಿರುಕು. ಮದುವೆಗೆ ಕರೆದರೆ ಬರುವುದಿಲ್ಲ, ಯಾರ ಅಂಗಳಕ್ಕೂ ಕಾಲಿಡುವುದಿಲ್ಲ, ಬೀದಿಯ ನಲ್ಲಿ ಮನೆಯೆದುರೇ ಇದ್ದರೂ ತನ್ನ ಬಾವಿಯಲ್ಲೇ ಸೇದುತ್ತಾಳೆ, ಬೆಂಕಿಪೊಟ್ಟಣ ಮುಗಿದರೆ ಮಿರ್ಜಾನದವರೆಗೆ ನಡೆಯುತ್ತಾಳೆ. ಯಾಕೆ ಎಂದು ಕೇಳಿದರೆ, “ನಂಗೆ ಹಂಗೇ ರೂಢಿ,” ಎನ್ನುತ್ತಾಳೆ. ಧನ್ಯಶ್ರೀಯನ್ನು ನೋಡಿಕೊಳ್ಳಲು ಶುರುಮಾಡಿದ ಮೇಲೂ ಅವಳು ಈ ಕಡೆ ಬಂದವಳಲ್ಲ. ಕಲ್ಪನಾ ಕೊಟ್ಟ ಡಬ್ಬಿಯಿಂದ ಮಗುವಿಗೆ ತಿನ್ನಿಸಿ, ಉಳಿದದ್ದನ್ನು ಬೆರಳಿಗೂ ತಾಗಿಸದೆ ಹಾಗೇ ಮುಚ್ಚಿ ಕೊಡುತ್ತಾಳೆ. ಶಿಕ್ಷೆ ಹಾಕಿದ ಕೂಟವೇ ಇಲ್ಲವಾಗಿ, ಅದರಲ್ಲಿ ಕೂತಿದ್ದವರೆಲ್ಲ ಸತ್ತ ಮೇಲೂ ಶಿಕ್ಷೆಯನ್ನು ಒಬ್ಬಳೇ ನಡೆಸಿಕೊಂಡು ಬಂದಿದ್ದಾಳೆ ಎಂಬುದು ಗೊತ್ತಿದ್ದದ್ದು ಇಬ್ಬರಿಗೆ, ಅವಳಿಗೆ ಮತ್ತು ಅವನಿಗೆ. ಒಮ್ಮೊಮ್ಮೆ ಮಂಜ ಗೌಡನಿಗೆ ಸಿಟ್ಟೂ ಬರುತ್ತದೆ. ಇಷ್ಟು ನಿಷ್ಠೆ ಯಾರಿಗೆ ಬೇಕಿತ್ತು? ಎಲ್ಲರೂ ಮರೆತ ಹಾಗೆ ಇವಳೂ ಮರೆತಿದ್ದರೆ, ಒಂದು ದಿನ ಸುಮ್ಮನೆ ಬಂದು ನಲ್ಲಿಯಲ್ಲಿ ಕೊಡ ಹಿಡಿದಿದ್ದರೆ, ಅವನ ಬೆನ್ನ ಮೇಲಿನ ಹೊರೆ ಇಳಿಯುತ್ತಿತ್ತಲ್ಲ. ಆಮೇಲೆ ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯಾಗುತ್ತದೆ.

ಆಗ ಅವನಿಗೆ ಮೂವತ್ತನಾಲ್ಕು. ಅಪ್ಪ ತೀರಿಕೊಂಡು ಬೆತ್ತ ಕೈಗೆ ಬಂದು ಎರಡೇ ತಿಂಗಳು. ಅವನ ಧ್ವನಿ ತೆಳು; ಮೊದಲ ಕೂಟದಲ್ಲಿ ಬಾಯಿ ತೆರೆದಾಗ ಹಿಂದೆ ಕೂತ ಮುದುಕನೊಬ್ಬ, “ಬುಧವಂತ ಮಾತಾಡ್ತಾ ಅದ್ನೋ, ಕರು ಕೂಗ್ತೋ?” ಎಂದಿದ್ದ. ನಕ್ಕವರಲ್ಲಿ ಊರಗೌಡನೂ ಇದ್ದ. ಎರಡನೆಯ ಕೂಟಕ್ಕೇ ಲಕ್ಕಿಯ ವಿಷಯ ಬಂತು. ಭಟ್ಕಳದಲ್ಲಿ ಗಲಾಟೆಯಾಗಿ ಬಸ್ಸುಗಳೆಲ್ಲ ನಿಂತ ವರ್ಷ. ಆರು ತಿಂಗಳ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಲಕ್ಕಿ ಗೆಣಸು, ಬಸಳೆ ಮಾರಲು ಹೊನ್ನಾವರಕ್ಕೆ ಹೋದವಳು ಅಲ್ಲೇ ಸಿಕ್ಕಿಬಿದ್ದಳು. ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಮನೆಯವರು ಒಳಗೆ ಕರೆದರು. ಅಲ್ಲಿ ಭಟ್ಕಳದ ಸಾಯ್ಬರ ಕುಟುಂಬವೊಂದೂ ಹೀಗೇ ಬಂದು ಸೇರಿತ್ತು. ಬಾಣಂತಿ ಜ್ವರದಲ್ಲಿ ಬಿದ್ದಿದ್ದಳು, ಕೂಸು ಅತ್ತೂ ಅತ್ತೂ ನೀಲಿಗಟ್ಟಿತ್ತು. ಲಕ್ಕಿಯ ಎದೆಯೋ ಹಾಲು ಕಟ್ಟಿ ಕಲ್ಲಾಗಿತ್ತು. ಎರಡು ದಿನ ಆ ಕೂಸಿಗೆ ಮೊಲೆ ಕೊಟ್ಟಳು, ಅವರಿಟ್ಟ ಗಂಜಿ ಕುಡಿದಳು. ಇದನ್ನು ಯಾರೂ ಪತ್ತೆಹಚ್ಚಿ ಹೇಳಲಿಲ್ಲ. ತಿರುಗಿ ಬಂದವಳು ಬಾವಿಕಟ್ಟೆಯಲ್ಲಿ ತಾನೇ ನಗುನಗುತ್ತ ಹೇಳಿದಳು, ಒಂದು ಒಳ್ಳೆಯ ಸುದ್ದಿ ಹೇಳಿದ ಹಾಗೆ.

ಪರಜಾತಿಯವರ ಮನೆಯಲ್ಲಿ ಉಂಡದ್ದು, ಪರಜಾತಿಯ ಕೂಸಿಗೆ ಹಾಲು ಕೊಟ್ಟದ್ದು, ಕೂಟಕ್ಕೆ ಇದ್ದದ್ದು ಇಷ್ಟೇ. ಅದು ಭಟ್ಟರ ಕೂಸಾಗಿದ್ದರೂ ಅವತ್ತು ಅದೇ ಶಿಕ್ಷೆ. ಸಣ್ಣ ಶಿಕ್ಷೆಯೇ: ಜುಟ್ಟು ಬಿಟ್ಟು ಸುಲಿದ ಒಂದು ಕಾಯಿಯನ್ನು ಬುಧವಂತನ ಮುಂದೆ ಇಟ್ಟು, ನೆಲಕ್ಕೆ ಹಣೆ ಹಚ್ಚಿ, ತಪ್ಪಾಯಿತು ಎನ್ನಬೇಕು. ಬುಧವಂತ ಕಾಯಿ ಒಡೆದು ಕೂತವರಿಗೆಲ್ಲ ಚೂರು ಹಂಚುತ್ತಾನೆ. ಚೂರು ತಿಂದ ಮೇಲೆ ಯಾರೂ ಆ ಮಾತು ಎತ್ತುವ ಹಾಗಿಲ್ಲ. ಲಕ್ಕಿ ಕಾಯಿ ಇಡಲಿಲ್ಲ. “ಹಸದ ಬಾಲೆಗೆ ಹಾಲು ಕೊಡೂದು ದರ್ಮ ಅಲ್ದಾ ಮಂಜಣ್ಣ? ಅದ್ಕೆ ತಪ್ಪಿನ ಕಾಯಿ ಎಂತಕೆ?” ಎಂದು ಅವನನ್ನೇ ನೇರ ನೋಡಿ ಕೇಳಿದಳು. ಎಲ್ಲರೂ ಅವನತ್ತ ತಿರುಗಿದರು. ಮಂಜಣ್ಣ ಎಂದದ್ದು ಅವನಿಗೆ ಚುಚ್ಚಿತು. ಕೂಟದಲ್ಲಿ ಅವನು ಬುಧವಂತ. ಧ್ವನಿ ತೆಳುವಾಗದ ಹಾಗೆ ಹೊಟ್ಟೆಯಿಂದ ಎತ್ತಿ ಹೇಳಿದ: “ದರ್ಮ ಎಲ್ಲ ದೊಡ್ಡೋರಿಗೆ. ನಮಗೆ ಹಿರಿಯರ ಕಟ್ಟು. ಕಾಯಿ ಇಡೂ ತನಕ ನಿಂಗೆ ಈ ಕೊಪ್ಪದ ನೀರಿಲ್ಲ, ಬೆಂಕಿ ಇಲ್ಲ.” ಮುದುಕರು ಹೂಂಗುಟ್ಟಿದರು. ಅಪ್ಪನ ಮಗ ಹೌದು ಎಂದು ಯಾರೋ ಅಂದರು. ಅವನ ಜೀವನದಲ್ಲಿ ಅಷ್ಟು ಚೆನ್ನಾಗಿ ಅವನು ಇನ್ಯಾವತ್ತೂ ಮಾತಾಡಿಲ್ಲ. ಲಕ್ಕಿಯ ಗಂಡ ಎರಡು ವರ್ಷ ನೋಡಿ ತದಡಿಯ ಬೋಟಿನ ಕೆಲಸಕ್ಕೆಂದು ಹೋದವನು ತಿರುಗಿ ಬರಲಿಲ್ಲ. ಮಗಳನ್ನು ತಾಯಿಯ ಮನೆಯಿಂದ ಧಾರೆ ಎರೆಯಲಾಗದೆ ಸೋದರಮಾವನ ಮನೆಯಿಂದ ಕೊಟ್ಟರು. ಮದುವೆಯ ದಿನ ಲಕ್ಕಿ ತನ್ನ ಅಂಗಳದಲ್ಲಿ ಭತ್ತ ಒಣಗಿಸುತ್ತಿದ್ದುದನ್ನು ಮಂಜ ಗೌಡ ಇದೇ ಕಂಬದ ಮರೆಯಿಂದ ನೋಡಿದ್ದ.

ಹದಿನೈದು ದಿನಗಳ ಹಿಂದೆ ಅವನು ಧೈರ್ಯ ಮಾಡಿ ಪಾಗಾರದ ಹತ್ತಿರ ಹೋಗಿದ್ದ. ಲಕ್ಕಿ ಧನ್ಯಶ್ರೀಯನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಏನು ಮಾತಾಡುವುದು ತಿಳಿಯದೆ, “ಬಾಲೆ ನಿನ್ನ ಹತ್ರ ಲಾಯ್ಕಿರ್ತದೆ,” ಎಂದ. ಅವಳು ತಲೆಯೆತ್ತಲಿಲ್ಲ.

“ಇರ್ಲಿ ಅಂದ್ಯಂತೆ.”

“ಹೌದು.”

“ಇರ್ಲಿ ಅಂದ್ರೆ ಎಂತ ಬುಧವಂತಾ? ಹತ್ತು ಜನರ ಮುಂದೆ ಹೊರಗೆ ಹಾಕ್ದೆ. ಸೊಸೆ ಹತ್ರ ಗುಟ್ಟಲ್ಲಿ ಇರ್ಲಿ ಅಂದ್ರೆ ನಾ ಒಳಗೆ ಬಂದಂಗೆ ಆತಾ?”

“ಈಗ ಯಾರಿಗೆ ನೆನಪಿದ್ದು ಲಕ್ಕಿ. ಕಟ್ಟು ಎಲ್ಲ ಹೋತು. ಯಾರೂ ಕೇಳೂದಿಲ್ಲ.”

ಆಗ ಅವಳು ಮುಖ ಎತ್ತಿದಳು. “ಹಂಗಾರೆ ಇಷ್ಟು ವರ್ಷ ನಾ ಯಾರ ಮಾತು ನಡೆಸ್ದೆ?” ಎಂದಳು. ಎಣ್ಣೆಯ ಕೈ ನಿಂತಿತ್ತು. “ಹತ್ತು ಜನರ ಮುಂದೆ ಕರಿ. ನಾ ಬರ್ತೆ. ಮತ್ತೆ ನಂಗೂ ಎಂತ ಬೇಡ.”

ಅವನು ಕರೆಯಲು ನೋಡಿದ. ಕೂಟ ಸೇರುತ್ತಿದ್ದ ಗೋಳಿಮರ, ಅದರ ಕಟ್ಟೆ ಎರಡೂ ಹೆದ್ದಾರಿ ಅಗಲ ಮಾಡುವಾಗ ಹೋಗಿವೆ. ಆ ಜಾಗದಲ್ಲಿ ಈಗ ರಸ್ತೆಯ ನಡುವಿನ ಡಿವೈಡರಿನಲ್ಲಿ ಕಣಗಿಲೆ ಗಿಡಗಳಿವೆ. ಅದಕ್ಕೆ ಶಾಲೆಯ ಜಗಲಿಗೆ ಬನ್ನಿ ಎಂದು ತಾನೇ ಕೋಲಕಾರನಾಗಿ ಮನೆಮನೆಗೆ ಹೋಗಿ ಹೇಳಿದ. ಭಾನುವಾರ ಬಂದವರು ಇಬ್ಬರು. ಒಬ್ಬ ವೃದ್ಧಾಪ್ಯ ವೇತನದ ಅರ್ಜಿ ತುಂಬಿಸುತ್ತಾರೆ ಎಂದುಕೊಂಡು ಆಧಾರ್ ಕಾರ್ಡಿನ ಝೆರಾಕ್ಸ್ ತಂದಿದ್ದ. ಇನ್ನೊಬ್ಬನಿಗೆ ಕಿವಿ ಕೇಳುತ್ತಿರಲಿಲ್ಲ. ಅದೇ ವಾರ ಮಗ ಲೋಕೇಶ ಕುಮಟೆಯಿಂದ ಸುದ್ದಿ ತಂದ: ಶನಿವಾರ ಧರ್ಮಸಭೆ, ಐಸ್ ಫ್ಯಾಕ್ಟರಿಯ ದಿನೇಶಣ್ಣನ ನೇತೃತ್ವ, ಹಳೆಯ ಕಟ್ಟುಕಟ್ಟಳೆ ಉಳಿಸಿದ ಹಿರಿಯರಿಗೆ ಸನ್ಮಾನ, ಕೊಪ್ಪದಿಂದಲೇ ಇಪ್ಪತ್ತು ಜನ ಟೆಂಪೋದಲ್ಲಿ ಹೋಗುವುದು. “ಅಪ್ಪ, ನಿಮ್ಗೆ ಎರಡು ಮಾತಾಡೂಕೂ ಕೊಡ್ತ್ರು,” ಎಂದ. ಮಂಜ ಗೌಡ ಸನ್ಮಾನ ಬೇಡ ಎನ್ನಲು ಬಾಯಿ ತೆರೆದವನು ಮುಚ್ಚಿದ. ಕೊಪ್ಪದ ಇಪ್ಪತ್ತು ಜನ ಒಂದೇ ಕಡೆ ಕೂತು ಅವನ ಮಾತು ಕೇಳುವುದು ಇನ್ನೆಲ್ಲಿ ಸಿಗುತ್ತದೆ?

ಇವತ್ತು ಆ ಶನಿವಾರ. ಟೆಂಪೋ ಹತ್ತುವಾಗ ಪಾಗಾರದ ಆಚೆ ಧನ್ಯಶ್ರೀ ಸೀರೆಯ ತೊಟ್ಟಿಲಲ್ಲಿ ಕೇಕೆ ಹಾಕುವುದು ಕೇಳುತ್ತಿತ್ತು. ಸಂಜೆ ಬಂದು ಹೇಳುತ್ತೇನೆ ಎಂದುಕೊಂಡ. ಇವತ್ತು ಸಂಜೆ ಅವಳು ಪಾಗಾರ ಸುತ್ತಿ ಬಂದು ತನ್ನ ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತಾಳೆ, ಲೋಟ ತಾನೇ ತಂದಿಡಬೇಕು ಎಂದೆಲ್ಲ ದಾರಿಯುದ್ದಕ್ಕೂ ಯೋಚಿಸಿದ. ಕುಮಟೆಯ ಸಭಾಭವನದ ಬಾಗಿಲಲ್ಲಿ ದಿನೇಶ ಎದುರು ಬಂದು ಎರಡೂ ಕೈ ಹಿಡಿದುಕೊಂಡ. ಒಳ್ಳೆಯ ಮನುಷ್ಯ, ಬಂದವರನ್ನೆಲ್ಲ ಊಟ ಮಾಡಿಕೊಂಡೇ ಹೋಗಿ ಎನ್ನುವವನು. “ಗೌಡ್ರೆ, ಅಂಗಿ ತೆಗ್ದ್ ಕಂಬಳಿ ಹೊದ್ಕಳ್ಳಿ. ಫೋಟೋಕ್ಕೆ ಹಿಂದಿನೋರ ಹಂಗೆ ಕಾಣ್ಬೇಕು,” ಎಂದ. ವೇದಿಕೆಯ ಹಿಂದಿನ ಕೋಣೆಯಲ್ಲಿ ಮಂಜ ಗೌಡ ಹೊಸದಾಗಿ ಹೊಲಿಸಿದ್ದ ಬಿಳಿ ಅಂಗಿ ತೆಗೆದ. ಪಕ್ಕದಲ್ಲಿ ಭರತನಾಟ್ಯಕ್ಕೆ ಸಿದ್ಧವಾಗುತ್ತಿದ್ದ ಹುಡುಗಿಯರು ಅವನ ಮುದಿ ಎದೆ ನೋಡಿ ತಲೆ ತಗ್ಗಿಸಿ ನಕ್ಕರು. ಕಂಬಳಿ ಯಾರದೋ ಮನೆಯದು, ನಾಫ್ತಲಿನ್ ಗುಳಿಗೆಯ ವಾಸನೆ ಬರುತ್ತಿತ್ತು. ಬೆತ್ತ ಮಾತ್ರ ಅವನದೇ.

ಮೊದಲು ಉಪನ್ಯಾಸ. ಹೊನ್ನಾವರದ ನಾಗಭೂಷಣ ಎಂಬವರು, ನಿವೃತ್ತ ಸಂಸ್ಕೃತ ಮೇಷ್ಟ್ರು, ಸಣ್ಣ ಧ್ವನಿ. ಜನ ಊಟದ ವಾಸನೆ ಬರುವವರೆಗೆ ಕೇಳಿಸಿಕೊಂಡರು. ಮಂಜ ಗೌಡ ಮಾತ್ರ ಒಂದಕ್ಷರ ಬಿಡದೆ ಕೇಳಿದ. ಧರ್ಮ ಎನ್ನುವುದು ಒಂದೇ ಕಡೆ ನಿಂತದ್ದಲ್ಲ ಎಂದರು ನಾಗಭೂಷಣ. ಬಹಳ ಹಿಂದೆ ಲೋಕ ಬೀಳದ ಹಾಗೆ ಎತ್ತಿ ಹಿಡಿಯುವ ಯಜ್ಞದ ಕೆಲಸಕ್ಕೆ ಧರ್ಮ ಎನ್ನುತ್ತಿದ್ದರು. ಆಮೇಲೆ ಅವರವರ ಕುಲಕ್ಕೆ, ಅವರವರ ವಯಸ್ಸಿಗೆ ತಕ್ಕ ನಡತೆಗೆ ಆ ಹೆಸರು ಬಂತು. ಕೊಲ್ಲದಿರುವುದು, ಮರುಗುವುದು ಎಲ್ಲಕ್ಕಿಂತ ದೊಡ್ಡ ಧರ್ಮ ಎಂದು ಹೇಳುವವರು ಬಂದರು. ಯುಗಕ್ಕೊಂದು ಧರ್ಮ ಎಂದು ಶಾಸ್ತ್ರ ಬರೆದವರೇ ಒಪ್ಪಿಕೊಂಡು, ಹಿಂದಿನವರು ಮಾಡಿದ್ದರಲ್ಲಿ ಈಗ ಬಿಡಬೇಕಾದದ್ದು ಯಾವುದು ಎಂದು ಪಟ್ಟಿಯನ್ನೇ ಕೊಟ್ಟರು. ಬ್ರಿಟಿಷರು ಜನಗಣತಿ ಮಾಡುವಾಗ ಅದು ಒಂದು ಖಾನೆಯ ಹೆಸರಾಯಿತು, ಅದೇ ಇವತ್ತಿಗೂ ನಡೆದಿದೆ. ಆದ್ದರಿಂದ ಕಾಲ ಬದಲಾದಾಗ ಧರ್ಮವೂ ಬದಲಾಗುತ್ತದೆ, ಅದಕ್ಕೆ ಅಂಜಬೇಕಾಗಿಲ್ಲ ಎಂದರು. ಮಂಜ ಗೌಡನ ಕಣ್ಣು ತುಂಬಿ ಬಂತು. ದರ್ಮ ದೊಡ್ಡೋರಿಗೆ ಎಂದು ತಾನು ಅವತ್ತು ಹೇಳಿದ್ದ. ಆ ದೊಡ್ಡವರೇ ಬಿಡಬೇಕಾದ್ದನ್ನು ಬಿಡುತ್ತ ಬಂದಿದ್ದರು. ಆದರೆ ಮರುಕ್ಷಣವೇ ಒಂದು ಸಂಶಯ ಕೊರೆಯಿತು. ಧರ್ಮ ಬದಲಾಯಿತು, ಸರಿ. ಹಿಂದಿನದರ ಕೈಯಲ್ಲಿ ಪೆಟ್ಟು ತಿಂದವರು ಇನ್ನೂ ಬದುಕಿದ್ದರೆ ಅವರ ಗತಿ ಏನು? ಅವರ ಮನೆಗೆ ಹೋಗಿ ಬದಲಾಯಿತು ಎಂದು ಹೇಳುವವರು ಯಾರು?

ಅವನ ಹೆಸರು ಕರೆದರು. ಶಾಲು, ಹಣ್ಣಿನ ಬುಟ್ಟಿ, ‘ಧರ್ಮರಕ್ಷಕ’ ಎಂದು ಬರೆದ ಮಾನಪತ್ರ. ಮೂರನೆಯ ಸಾಲಿನಲ್ಲಿ ಕೊಪ್ಪದವರು ಕೂತಿದ್ದರು. ಲೋಕೇಶ ಎದ್ದು ನಿಂತು ಮೊಬೈಲು ಹಿಡಿದಿದ್ದ. ಮಂಜ ಗೌಡ ಮೈಕಿನ ಮುಂದೆ ಬೆತ್ತ ಊರಿದ. ಬುಧವಂತನ ಮಾತಿಗೆ ಒಂದು ಕ್ರಮವಿದೆ, ಅಪ್ಪ ಏಟು ಕೊಟ್ಟು ಕಲಿಸಿದ್ದು: ಮೊದಲು ಆದದ್ದು, ಆಮೇಲೆ ಶಿಕ್ಷೆ, ಕೊನೆಗೆ ತೀರ್ಮಾನ. ತೀರ್ಮಾನ ಮೊದಲು ಹೇಳುವವನು ಬುಧವಂತನಲ್ಲ. ಮತ್ತು ಬೆತ್ತ ನೆಲದಿಂದ ಎತ್ತುವ ತನಕ ಕೂಟದಲ್ಲಿ ಯಾರೂ ಉಸಿರೆತ್ತಬಾರದು. “ನಮ್ಮ ಕೊಪ್ಪದ ಲಕ್ಕಿ,” ಎಂದು ಶುರುಮಾಡಿದ. ಧ್ವನಿ ಅದೇ ತೆಳು ಧ್ವನಿ, ಆದರೆ ಮೈಕು ಅದನ್ನು ದೊಡ್ಡದು ಮಾಡಿತು. “ಭಟ್ಕಳದ ಗಲಾಟೆ ವರ್ಷ ಹೊನ್ನಾವರದಲ್ಲಿ ಉಳದಳು. ಸಾಯ್ಬರ ಕೂಸಿಗೆ ಎರಡು ದಿನ ಮೊಲೆ ಕೊಟ್ಳು, ಅವರ ಗಂಜಿ ಉಂಡ್ಳು.” ಲೋಕೇಶ ಮೊಬೈಲನ್ನು ಇನ್ನಷ್ಟು ಎತ್ತರಕ್ಕೆ ಹಿಡಿದ. “ನಾನು ಬುಧವಂತ. ಕೂಟದಲ್ಲಿ ಅವಳ್ನ ಹೊರಗೆ ಹಾಕ್ದೆ. ನೀರು ಇಲ್ಲ, ಬೆಂಕಿ ಇಲ್ಲ ಅಂದೆ. ಮೂವತ್ತೊಂದು ವರ್ಷ ಆತು.”

ಉಸಿರು ತೆಗೆದುಕೊಳ್ಳಲು ಅವನು ನಿಲ್ಲಿಸಿದ. ಆಗ ಚಪ್ಪಾಳೆ ಬಿತ್ತು.

ಮೊದಲು ಹಿಂದಿನ ಸಾಲಿನಿಂದ, ಆಮೇಲೆ ಇಡೀ ಭವನ. ಕೊಪ್ಪದವರೂ ಹೊಡೆದರು. ಮಂಜ ಗೌಡ ಕಾದ. ಸಭೆ ತಣ್ಣಗಾಗಲಿ, ಕೊನೆಯ ಮಾತು ಹೇಳೋಣ ಎಂದು ಬೆತ್ತ ಬಿಗಿಯಾಗಿ ಊರಿಕೊಂಡು ಕಾದ. ಮಾತಿನ ನಡುವೆ ಸದ್ದಾದರೆ ಬುಧವಂತ ಕಾಯಬೇಕು, ಅದೂ ಅಪ್ಪ ಕಲಿಸಿದ್ದೇ. ಅಷ್ಟರಲ್ಲಿ ದಿನೇಶ ಓಡಿ ಬಂದು ಮೈಕು ತೆಗೆದುಕೊಂಡಿದ್ದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. “ನೋಡಿದ್ರಾ! ಇದು ನಿಷ್ಠೆ ಅಂದ್ರೆ. ಓದು ಬರಹ ಇಲ್ದೇ ಇದ್ದೋರು ಧರ್ಮನ ಹೆಂಗೆ ಕಾಯ್ದ್ರು ಹೇಳೂದಕ್ಕೆ ಇನ್ನೆಂತ ಬೇಕು?” ಎಂದ. ಮತ್ತೆ ಚಪ್ಪಾಳೆ. “ತಪ್ಪಾತು,” ಎಂದ ಮಂಜ ಗೌಡ. ಮೈಕಿಲ್ಲದ ಬಾಯಿ. “ಅದು ತಪ್ಪಾತು, ಅವಳು ಒಳಗೆ,” ಎಂದ. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬಳು, ಮುದುಕ ಆಡಿದ ಮಾತಲ್ಲಿ ಏನಾದರೂ ತಪ್ಪಿದ್ದರೆ ಕ್ಷಮಿಸಿ ಎನ್ನುತ್ತಿದ್ದಾನೆ ಎಂದು ತಿಳಿದು ಕೈಮುಗಿದಳು. ಹುಡುಗಿಯರು ಗೆಜ್ಜೆ ಕಟ್ಟಿಕೊಂಡು ವೇದಿಕೆಯ ಪಕ್ಕದಲ್ಲಿ ಕಾಯುತ್ತಿದ್ದರು. ಯಾರೋ ಮೊಣಕೈ ಹಿಡಿದು ಅವನನ್ನು ಕೆಳಗಿಳಿಸಿದರು. ಮೆಟ್ಟಿಲಲ್ಲಿ ಕಂಬಳಿ ಕಾಲಿಗೆ ಸಿಕ್ಕಿ ಮುಗ್ಗರಿಸಿದ.

ಊಟದ ಪಂಕ್ತಿಯಲ್ಲಿ ಅವನು ನಾಗಭೂಷಣರನ್ನು ಹುಡುಕಿ ಪಕ್ಕದಲ್ಲಿ ಕೂತ. ಅನ್ನದ ಮೇಲೆ ತಂಬುಳಿ ಹರಿದು ಎಲೆಯಂಚಿಗೆ ಹೋಗುತ್ತಿತ್ತು, ತಡೆಯಲು ಕೈ ಬರಲಿಲ್ಲ.

“ನಾ ಕಡೆಗೆ ಹೇಳದ್ದು ನಿಮಗೆ ಕೇಳ್ತಾ?”

ನಾಗಭೂಷಣ ಎಲೆಯ ಅಂಚಿನ ಉಪ್ಪಿನಕಾಯಿಯನ್ನು ಬದಿಗೆ ಸರಿಸಿದರು. “ಕೇಳಿತು ಗೌಡ್ರೆ. ನಾನು ಹತ್ತಿರವೇ ಇದ್ದೆ.”

“ನೀವು ಮೈಕಿನಲ್ಲಿ ಹೇಳಿ. ನೀವು ಹೇಳಿದ್ರೆ ಕೇಳ್ತ್ರು. ಬದಲಾಗ್ತದೆ ಹೇಳಿ ನೀವೇ ಹೇಳದ್ದಲ್ದಾ?”

“ಅದು ಉಪನ್ಯಾಸ,” ಎಂದರು ಅವರು ಮೆಲ್ಲಗೆ. ಎದುರಿನ ಪಂಕ್ತಿಯಲ್ಲಿ ಬಡಿಸುತ್ತಿದ್ದ ದಿನೇಶನನ್ನು ನೋಡಿ ದನಿ ಇನ್ನೂ ಇಳಿಸಿದರು. “ಈಗ ಬೇಡ ಗೌಡ್ರೆ. ಹೊತ್ತು ಸರಿ ಇಲ್ಲ. ನನಗೂ ಹೊನ್ನಾವರದಲ್ಲೇ ಇರಬೇಕಲ್ಲ. ನಿಮ್ಮ ಮನಸ್ಸಿನಲ್ಲಿ ಪಶ್ಚಾತ್ತಾಪ ಬಂದಿದೆ, ಅದೇ ದೊಡ್ಡದು. ಶಾಸ್ತ್ರದಲ್ಲಿ ಅದಕ್ಕೆ ಪ್ರಾಯಶ್ಚಿತ್ತ ಇದೆ.”

“ಪ್ರಾಯಶ್ಚಿತ್ತ ಮಾಡ್ಕಂಡ್ರೆ ನಂಗೆ ಒಳ್ಳೇದಾಗ್ತದಾ, ಅವಳಿಗೆ ಒಳ್ಳೇದಾಗ್ತದಾ?”

ಪಾಯಸ ಬಂತು, ನಾಗಭೂಷಣ ಕೈ ಅಡ್ಡ ಹಿಡಿದು ಸಾಕು ಎಂದರು. ಏಳುವಾಗ ಮಂಜ ಗೌಡನ ಭುಜ ಮುಟ್ಟಿ ಹೋದರು. ಒಳ್ಳೆಯ ಮನುಷ್ಯರೇ. ಇವತ್ತು ಅವನಿಗೆ ಸಿಕ್ಕವರೆಲ್ಲ ಒಳ್ಳೆಯವರೇ ಆಗಿದ್ದರು.

ಕೈ ತೊಳೆದು ಬಂದಾಗ ಲೋಕೇಶ ಇರಲಿಲ್ಲ. ಅರ್ಜೆಂಟ್ ಎಂದು ಬೈಕಿನಲ್ಲಿ ಮುಂದೆ ಹೋದ ಎಂದರು. ಟೆಂಪೋದಲ್ಲಿ ಕೊಪ್ಪದವರು ಅವನಿಗೆ ಮುಂದಿನ ಸೀಟು ಬಿಟ್ಟುಕೊಟ್ಟರು. ಹಿಂದೆ ಅವನದೇ ಧ್ವನಿ ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಹೊರಗೆ ಹಾಕ್ದೆ. ನೀರು ಇಲ್ಲ, ಬೆಂಕಿ ಇಲ್ಲ. ಮೂವತ್ತೊಂದು ವರ್ಷ ಆತು. ಅಲ್ಲಿಗೆ ನಿಂತು ಚಪ್ಪಾಳೆ. ಮತ್ತೆ ಮೊದಲಿನಿಂದ. “ಲಕ್ಕತ್ತೆ ಹಂಗೆ ಅಂತ ನಮ್ಗೆ ಗೊತ್ತೇ ಇಲ್ಲ ಮಾರಾಯ,” ಎಂದ ಒಬ್ಬ. “ಅದ್ಕೇ ಮದ್ವಿಗೆ ಬರೂದಿಲ್ಲ ಅವ್ಳು,” ಎಂದ ಇನ್ನೊಬ್ಬ. ಮಂಜ ಗೌಡ ತಿರುಗಿ ಕೂತು, ಅದು ಪೂರ್ತಿ ಮಾತಲ್ಲ, ನಾನು ಮುಗಿಸಲಿಲ್ಲ, ಅವಳದೇನೂ ತಪ್ಪಿಲ್ಲ ಎಂದ. “ಇ‌ರ್ಲಿ ಬಿಡಿ ಬುಧವಂತ್ರೆ, ನೀವು ಹೇಳದ್ದೆಲ್ಲ ಲಾಯ್ಕಿತ್ತು,” ಎಂದು ಅವರು ಸಮಾಧಾನ ಮಾಡಿದರು. ಇಷ್ಟು ವರ್ಷ ಲಕ್ಕಿಯ ಹೊರತು ಯಾರೂ ಅವನನ್ನು ಬುಧವಂತ ಎಂದು ಕರೆದಿರಲಿಲ್ಲ. ಕೊಪ್ಪ ಸೇರಿತ್ತು, ಅವನ ತೀರ್ಪು ಕೇಳಿತ್ತು, ಒಪ್ಪಿತ್ತು. ಸತ್ತುಹೋಗಿದ್ದ ಶಿಕ್ಷೆಯನ್ನು ತಾನೇ ಕೈಹಿಡಿದು ಎಬ್ಬಿಸಿದ್ದೇನೆ ಎಂದು ಅವನಿಗೆ ತಿಳಿಯಿತು.

ಮನೆಗೆ ಬಂದಾಗ ನಾಲ್ಕೂವರೆ. ಪಾಗಾರದ ಆಚೆ ಸೀರೆಯ ತೊಟ್ಟಿಲು ಖಾಲಿಯಾಗಿ ತೂಗುತ್ತಿತ್ತು, ಲಕ್ಕಿ ಕಾಣಲಿಲ್ಲ. ಜಗಲಿಯಲ್ಲಿ ಲೋಕೇಶ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ರಮಿಸಲು ನೋಡುತ್ತಿದ್ದ; ಧನ್ಯಶ್ರೀ ಬೆನ್ನು ಬಿಲ್ಲಾಗಿಸಿ ಅಳುತ್ತಿತ್ತು. ಕಲ್ಪನಾಳನ್ನು ಫ್ಯಾಕ್ಟರಿಯಿಂದ ಬೇಗ ಕರೆಸಿದ್ದ.

“ಎತ್ಕಂಡ್ ಬಂದ್ಯಾ?” ಎಂದು ಕೇಳಿದ ಮಂಜ ಗೌಡ.

“ಮತ್ತೆಂತ ಮಾಡ್ಲಿ ಅಪ್ಪ? ಗ್ರೂಪಿನಲ್ಲಿ ಎಲ್ರೂ ನೋಡಿದ್ರು. ಬುಧವಂತನ ಮೊಮ್ಮಗಳೇ ಆ ಮನೆಲಿ ಇರ್ತದೆ ಹೇಳಿ ನಗ್ತ್ರು. ಇಷ್ಟು ದಿನ ನೀವು ಎಂತಕೆ ಹೇಳ್ಲಿಲ್ಲ?”

“ನಾ ಹೇಳೂಕೆ ಹೋದದ್ದು ಅದಲ್ಲ ಲೋಕೇಶ. ಅವಳದ್ದು ತಪ್ಪಲ್ಲ.”

“ಮೈಕಲ್ಲಿ ನೀವೇ ಹೇಳಿದ್ರಲ್ಲ.”

ಕಲ್ಪನಾ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಎರಡು ತಿಂಗಳು ಗೊತ್ತಿಲ್ಲದೆ ಏನು ಮಾಡಿಬಿಟ್ಟೆ ಎನ್ನುವ ಹೆದರಿಕೆ. “ಮಾವ, ನೀವು ಇರ್ಲಿ ಅಂದಿದ್ರಿ,” ಎಂದಳು. “ಸೋಮವಾರದಿಂದ ನಾ ಕೆಲಸ ಬಿಡ್ತೆ.” ಮಂಜ ಗೌಡ ಮೊಮ್ಮಗಳಿಗೆ ಕೈ ಚಾಚಿದ. ಎತ್ತಿಕೊಂಡು ಪಾಗಾರ ದಾಟಿ, ತಗೋ ಲಕ್ಕಿ ಎಂದು ಕೊಟ್ಟುಬಿಡಬೇಕು, ಅಷ್ಟೇ. ಲೋಕೇಶ ಜೋರೇನೂ ಮಾಡಲಿಲ್ಲ. ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಒಳಗೆ ಹೋದ. ಚಾಚಿದ ಕೈಯನ್ನು ಏನು ಮಾಡುವುದು ಎಂದು ತಿಳಿಯದೆ ಮಂಜ ಗೌಡ ಹೆಗಲ ಮೇಲಿನ ಶಾಲು ತೆಗೆದು ಮಡಚಿದ.

ದೀಪ ಹಚ್ಚುವ ಹೊತ್ತಿಗೆ ಅಂಗಳದ ತುದಿಯಲ್ಲಿ ಯಾರೋ ನಿಂತ ಹಾಗಾಯಿತು. ಸನ್ಮಾನದ ಸುದ್ದಿ ಕೇಳಿ ಮಾತಾಡಿಸಲು ಬಂದ ಐದಾರು ಜನ ಜಗಲಿಯಲ್ಲಿದ್ದರು. ಎಲ್ಲರೂ ಒಟ್ಟಿಗೆ ಆ ಕಡೆ ತಿರುಗಿದರು. ಲಕ್ಕಿ. ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟುಕೊಂಡು ಬಂದಿದ್ದಳು. ಅಂಗಳದ ಅಂಚಿನಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಕಾಲು ಒಳಗಿಟ್ಟಳು. ಅವಳ ಕೈಯಲ್ಲಿ ಜುಟ್ಟು ಬಿಟ್ಟು ಸುಲಿದ ಕಾಯಿ ಇತ್ತು. ಮಂಜ ಗೌಡ ಜಗಲಿಯಿಂದ ಇಳಿದ. ಬೇಡ, ಬೇಡ ಎಂದು ಒಳಗೇ ಕೂಗಿಕೊಂಡ. ಗಂಡ ಬಿಟ್ಟು ಹೋದಾಗ ಅವಳು ಇಡದ ಕಾಯಿ, ಮಗಳ ಮದುವೆಗೆ ಇಡದ ಕಾಯಿ.

“ಲಕ್ಕಿ, ತಪ್ಪು ನಂದು,” ಎಂದ. ಈಗ ಮೈಕು ಬೇಕಿರಲಿಲ್ಲ, ಎಲ್ಲರಿಗೂ ಕೇಳಿತು.

“ಅದು ಆಮೇಲೆ. ಮೊದ್ಲು ನನ್ನ ಕಾಯಿ ತಕಳ್ಳಿ, ಬುಧವಂತ್ರೆ. ಕ್ರಮ ಹಂಗೇ ಅಲ್ದಾ?” ಎಂದಳು ಅವಳು. ಕಾಯಿಯನ್ನು ಅವನ ಕಾಲ ಬುಡದಲ್ಲಿಟ್ಟು, ಮೊಣಕಾಲೂರಿ, ನೆಲಕ್ಕೆ ಹಣೆ ಹಚ್ಚಿದಳು. ಮಣಿಸರ ನೆಲಕ್ಕೆ ತಾಗಿ ಸದ್ದಾಯಿತು. “ಹಸದ ಬಾಲೆಗೆ ಹಾಲು ಕೊಟ್ಟದ್ದು ತಪ್ಪಾತು. ಹತ್ತು ಜನ ಇದ್ರಿ, ಕೇಳ್ಕಣಿ. ತಪ್ಪಾತು. ಸೋಮವಾರ ಬಾಲೆನ ಕಳ್ಸಿ.”

ತೆಗೆದುಕೊಂಡರೆ ಅವಳ ತಪ್ಪು ಹೌದೆಂದಾಗುತ್ತದೆ. ತೆಗೆದುಕೊಳ್ಳದಿದ್ದರೆ ಕೂಸು ಬರುವುದಿಲ್ಲ. ಮಂಜ ಗೌಡ ಬಗ್ಗಿದ. ಬಗ್ಗುವಾಗ ತಾನು ಮಾಡುತ್ತಿರುವುದು ಏನು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಬೇರೆ ದಾರಿ ಮಾತ್ರ ಗೊತ್ತಿರಲಿಲ್ಲ. ಮೆಟ್ಟಿಲ ಕಲ್ಲಿಗೆ ಬಡಿದ. ಕಾಯಿ ಸರಿಯಾಗಿ ಎರಡು ಹೋಳಾಯಿತು, ನೀರು ಮೊಣಕೈವರೆಗೆ ಇಳಿಯಿತು. ಚೂರು ಎಬ್ಬಿಸಿ ಮೊದಲು ಲೋಕೇಶನ ಮುಂದೆ ಹಿಡಿದ. “ತಿನ್ನು. ತಿಂದ್ರೆ ಮುಗೀತು. ಕಟ್ಟು ಅದೇ,” ಎಂದ. ಲೋಕೇಶ ಚೂರನ್ನು ನೋಡಿದ, ಜಗಲಿಯಲ್ಲಿದ್ದವರನ್ನು ನೋಡಿದ. “ಅಪ್ಪ, ಈಗ ಇದೆಲ್ಲ ಯಾರ್ ಕೇಳ್ತ್ರು? ಒಳಗೆ ಬನ್ನಿ,” ಎಂದ. ಪಕ್ಕದವನ ಮುಂದೆ ಹಿಡಿದ. ಅವನು ಈಗಷ್ಟೇ ಚಹಾ ಆಯಿತು ಎಂದು ಕೈ ಹಿಂದೆ ತೆಗೆದುಕೊಂಡ. ಕಲ್ಪನಾ ಒಂದು ಹೆಜ್ಜೆ ಮುಂದೆ ಬಂದು, ಗಂಡನ ಮುಖ ನೋಡಿ ಅಲ್ಲೇ ನಿಂತಳು. ಮಂಜ ಗೌಡ ಒಂದು ಚೂರು ತನ್ನ ಬಾಯಿಗೆ ಹಾಕಿಕೊಂಡ. ಜಗಿದ. ನುಂಗಲಾಗಲಿಲ್ಲ. ಒಳಗೆ ಧನ್ಯಶ್ರೀ ಅಳುತ್ತಿತ್ತು, ಆ ಅಳುವಿನ ಕಡೆಗೆ ಲಕ್ಕಿಯ ತಲೆ ಒಂಚೂರು ತಿರುಗಿತು, ಆದರೆ ಕ್ರಮ ತಪ್ಪದ ಹಾಗೆ ಹಣೆ ನೆಲದಲ್ಲೇ ಇತ್ತು.

“ಆತಾ?” ಎಂದು ಅವಳು ನೆಲಕ್ಕೇ ಕೇಳಿದಳು.

ಮಂಜ ಗೌಡ ಕೈಯಲ್ಲಿದ್ದ ಚೂರುಗಳನ್ನು ನೋಡುತ್ತ ನಿಂತಿದ್ದ.

“ಬುಧವಂತ್ರೆ, ಆತಾ?”